ಕತಗಾಲದಲ್ಲಿ ದಾರಿ ಕೇಳಿದವಳಿಗೆ

ಮುಳ್ಳು ಹೊಕ್ಕಿಲ್ಲ ತಂಗೀ, ವಾಲ್ವು ಸೋರುತ್ತಿದೆ.
ಕೂತುಕೋ. ಆ ಎಣ್ಣೆ ಡಬ್ಬದ ಮೇಲಲ್ಲ,
ಬಟ್ಟೆ ಹಾಳಾದೀತು.

ಚಂದದ ದಾರಿ ಯಾವುದು ಅಂತ ಕೇಳಿದೆಯಲ್ಲ,
ಘಟ್ಟದ ಬುಡದಲ್ಲಿ ಇಷ್ಟು ವರ್ಷ ಪಂಚರು ಹಾಕಿದೆ,
ಯಾರೂ ಹಾಗೆ ಕೇಳಿದ್ದಿಲ್ಲ.
ಹತ್ತಿರದ್ದು ಯಾವುದು ಅಂತಾರೆ,
ಹೊಂಡ ಕಡಿಮೆ ಎಲ್ಲಿ ಅಂತಾರೆ.

ನಿನ್ನ ಫೋನಿನ ನಕ್ಷೆಯಲ್ಲಿ ದೇವಿಮನೆ ಘಟ್ಟ
ಊಟದ ತಾಟಿಗೆ ಬಿದ್ದ ಕೂದಲಿನಷ್ಟು.
ನನ್ನ ಲೆಕ್ಕದಲ್ಲಿ ಅದು
ಒಂದು ಪೆಟ್ಟಿಗೆ ಬಂಗಡೆ, ಅರ್ಧ ಗೋಣಿ ಐಸು.

ನಸುಕಿನ ಮೂರಕ್ಕೆ ತದಡಿಯಲ್ಲಿ ತುಂಬಿಸಿಕೊಂಡು
ಮಿರ್ಜಾನ ದಾಟಿ, ದೀವಗಿಯಲ್ಲಿ ಚಾ ಕುಡಿದು
ಇಲ್ಲಿ ಮುಟ್ಟುವಾಗ ಬೆಳಕು.
ಆಮೇಲೆ ಬರೀ ಏರು.
ವಾಚು ಬೇಕಿರಲಿಲ್ಲ.
ಬೆನ್ನ ಹಿಂದೆ, ಮಡ್‌ಗಾರ್ಡಿನ ಮೇಲೆ
ಐಸು ತೊಟ್ಟಿಕ್ಕುವುದೇ ಹೊತ್ತು.
ಮೊದಲ ತಿರುವಿನಲ್ಲಿ ಟಪ್,
ಒಂದು ಉಸಿರು ಬಿಟ್ಟು ಮತ್ತೆ ಟಪ್.
ಬಿಸಿಲು ಬಿದ್ದಲ್ಲಿ ಟಪಟಪ.
ಸದ್ದು ನಿಂತಿತೋ, ಪೆಟ್ಟಿಗೆಯೊಳಗೆ
ಕಣ್ಣು ಮಸುಕಾಗತೊಡಗಿತು ಅಂತ ತಿಳಿ.
ರಾಗಿಹೊಸಳ್ಳಿಯಲ್ಲಿ ಕಿವಿರೆತ್ತಿ ನೋಡಿ
ಮೂಗು ಮುರಿದು
ಅರ್ಧ ರೇಟಿಗೆ ಇಳಿಸುತ್ತಿದ್ದರು.

ಲಾರಿ ಸಿಕ್ಕಿದರೆ ಪುಣ್ಯ.
ಹಿಂದಿನ ಸರಪಳಿ ಎಡಗೈಯಲ್ಲಿ,
ಹ್ಯಾಂಡಲು ಬಲಗೈಯಲ್ಲಿ,
ಹೊಗೆ ಬಾಯಲ್ಲಿ.
ಘಟ್ಟ ನೋಡದೆ ಘಟ್ಟ ಹತ್ತಿದವ ನಾನು.
ಆ ದಾರಿಯಲ್ಲಿ ನನಗೆ ಪರಿಚಯ ಇದ್ದದ್ದು
'ದಯವಿಟ್ಟು ಹಾರ್ನ್ ಮಾಡಿ',
ಕೆಳಗೊಂದು ನಿಂಬೆಹಣ್ಣು, ಹರಿದ ಚಪ್ಪಲಿ.

ಒಂದು ಸಲ ಏಳನೇ ತಿರುವಿನಲ್ಲಿ
ಲಾರಿಯ ಆಕ್ಸಲು ಮುರಿಯಿತು.
ಡ್ರೈವರು ಗಾಲಿಗೆ ಕಲ್ಲು ಕೊಟ್ಟು ಬೀಡಿ ಹಚ್ಚಿದ.
ನಾನು ಸರಪಳಿ ಬಿಟ್ಟು
ಕೈ ಜಾಡಿಸುತ್ತ ತಿರುಗಿದೆ.

ಕಾಡೆಲ್ಲ ಬಿಸಿಲಿಗೆ ಬಂದಾಗಿತ್ತು.
ಮಂಜು ಮಾತ್ರ ಹೊಳೆ ಬಿಟ್ಟು ಎದ್ದಿರಲಿಲ್ಲ,
ಅಘನಾಶಿನಿ ಹೊರಳಿದಲ್ಲಿ ತಾನೂ ಹೊರಳಿ,
ಅವಳು ಅಗಲಾದಲ್ಲಿ ಅಗಲಾಗಿ,
ಬೆಳ್ಳಗೆ, ಸಮುದ್ರದ ತನಕ.
ಎರಡೂ ಕಡೆ ಗುಡ್ಡ,
ನೀರಿಗಿಳಿದ ಎಮ್ಮೆಗಳ ಬೆನ್ನಿನ ಹಾಗೆ,
ಹಿಂದಿನದು ಮುಂದಿನದಕ್ಕಿಂತ ತೆಳು,
ಕೊನೆಯದು ಇದೆಯೋ ಇಲ್ಲವೋ.
ದಿನಾ ನಾನು ಬರುತ್ತಿದ್ದದ್ದು ಇದರೊಳಗಿಂದ!

ಟಪ್ ಟಪ್ ನಿಂತದ್ದು ತಿಳಿಯಲೇ ಇಲ್ಲ.

ಮೂರು ಡಜನ್ ಹೊಂಡಕ್ಕೆ ಚೆಲ್ಲಿದೆ ಆವತ್ತು.
ಸೋಮಿ ಕೇಳಿದಳು, ಎಂತಾಯ್ತು?
ಚೈನು ಕಡೀತು ಅಂದೆ.
ಗುಡ್ಡ ನೋಡ್ತಾ ನಿಂತಿದ್ದೆ ಅಂತ
ಅಕ್ಕಿ ಡಬ್ಬದ ತಳ ಕೆರೆಯುತ್ತಿರುವವಳಿಗೆ
ಹೆಂಗೆ ಹೇಳುವುದು?
ಇವತ್ತಿಗೂ ಅವಳ ಲೆಕ್ಕದಲ್ಲಿ ಅದು ಚೈನೇ.

ನೀನು ಏಳನೇ ತಿರುವಿನಲ್ಲಿ ಇಳಿ.
ಎಣಿಸುವಾಗ ಹೆದ್ದಾರಿಯವರು ನೇರ ಮಾಡಿದ ಎರಡನ್ನೂ
ಸೇರಿಸಿಕೋ, ಇಲ್ಲದಿದ್ದರೆ ತಪ್ಪುತ್ತೀ.
ಫೋಟೋ ಆಮೇಲೆ ತೆಗಿ.

ಹಿಂದೆ ಬರುವಾಗ ಕುಮಟೆಗೆ ಸೀದಾ ಹೋಗಬೇಡ,
ತದಡಿಗೆ ಹೋಗು.
ದೋಣಿಯಲ್ಲಿ ಸೈಕಲ್ಲಿಗೂ ಟಿಕೀಟು ಕೇಳ್ತಾರೆ, ಕೊಡು.
ಇಳಿತದ ಹೊತ್ತಾದರೆ ನಡುಹೊಳೆಯಲ್ಲಿ
ಹೆಂಗಸರು ಸೊಂಟಮಟ್ಟ ನಿಂತಿರ್ತಾರೆ,
ಕಾಲಬೆರಳಲ್ಲಿ ಬೆಳಚು ಹುಡುಕುತ್ತ,
ಮುಖ ಎತ್ತಿ ಏನೋ ಮಾತಾಡುತ್ತ.
ಅವರಲ್ಲಿ ಕೆಂಪು ಟವೆಲು ಸುತ್ತಿದವಳು ಸೋಮಿ.
ಕೈ ಬೀಸು. ಚೈನಿನ ಸುದ್ದಿ ಎತ್ತಬೇಡ.

ಹಾಂ, ಆಯಿತು ನೋಡು.
ದುಡ್ಡು ಇರಲಿ.
ಗಾಳಿ ನಿಲ್ಲುತ್ತದೋ ಇಲ್ಲವೋ
ಸಂಕದವರೆಗೆ ಹೊಡೆದು ನೋಡಬೇಕಲ್ಲ?
ಇಪ್ಪತ್ನಾಲ್ಕು ಗೇರು ಅಂದೆಯಾ!
ನನ್ನದಕ್ಕೆ ಇದ್ದದ್ದು ಒಂದು,
ಅದೂ ಲಾರಿಯವನದು.
ಬಲಗೈಯದು ಏರಿಗೋ, ಇಳಿಜಾರಿಗೋ?
ಬೇಡ, ಹೇಳಬೇಡ.

ಯಾರಾದರೂ ಗಾಳಿ ಹಾಕಿಸಲು ಬಂದರೆ
ಪಂಪು ಬಾಗಿಲ ಹಿಂದಿದೆ,
ಒಂದು ಗಾಲಿಗೆ ಐದು ರೂಪಾಯಿ.